ಸಂದೇಶ ಮೀಮಾಂಸೆ, ಮಿಸ್ಡ್ ಕಾಲ್ ಪ್ರಕರಣ ಸಹಿತ

ಶಾಸ್ತ್ರಗ್ರಂಥವೆಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದಕ್ಕೆ ಅಡಿಯಿಡುವಂತಿಲ್ಲ. ವಿಷಯ: ಎದುರಿಗಿಲ್ಲದವರಿಗೆ ಏನನ್ನಾದರೂ ತಿಳಿಸುವ ಬಗೆಗಳು. ಅಧಿಕಾರಿ: ಕುಟುಂಬದ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ, ಮಾಡಿದ್ದನ್ನು ಯಾರಿಗೂ ಹೇಳದೆ ಇರುವವರೆಲ್ಲರೂ. ಸಂಬಂಧ: ಆ ಗ್ರೂಪಿನಲ್ಲಿರುವವರು. ಪ್ರಯೋಜನ: ಓದುವಷ್ಟು ಹೊತ್ತಾದರೂ ಫೋನು ಕೆಳಗಿರುತ್ತದೆ, ಫೋನಿನಲ್ಲೇ ಓದುವವರಿಗೆ ಆ ಫಲವೂ ಇಲ್ಲ.

ಸಂದೇಶಗಳನ್ನು ಲೋಕದವರು ಯಂತ್ರದ ಮೇಲೆ ವಿಂಗಡಿಸುತ್ತಾರೆ: ಕಾಗದ, ತಂತಿ, ಫೋನು, ಮೊಬೈಲು. ಈ ವಿಂಗಡಣೆಗೆ ಅತಿವ್ಯಾಪ್ತಿ, ಅವ್ಯಾಪ್ತಿ ಎರಡು ದೋಷಗಳೂ ಅಂಟಿವೆ. ಒಂದು ಕಾಲದಲ್ಲಿ ನಿಮಿಷಕ್ಕಿಷ್ಟೆಂದು ತೆತ್ತು, ಉಸಿರು ಬಿಗಿಹಿಡಿದು ಆಡಿದ ಮಾತೂ ಮೊಬೈಲೇ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರ್ ಹಾಕಿಟ್ಟು, ಒಗ್ಗರಣೆಯ ಸದ್ದಿನ ನಡುವೆ ತಂಗಿಯೊಡನೆ ಆಡುವ ಒಂದು ಗಂಟೆಯ ಮಾತೂ ಮೊಬೈಲೇ. ಇವೆರಡನ್ನೂ ಒಂದೇ ಜಾತಿಗೆ ಸೇರಿಸುವವನು ಬಾವಲಿಯನ್ನು ಹಕ್ಕಿಯ ಪಟ್ಟಿಯಲ್ಲಿ ಬರೆದುಕೊಳ್ಳುವವನು. ನನ್ನ ಸಿದ್ಧಾಂತ ಇಷ್ಟು: ಸಂದೇಶದ ಜಾತಿ ಗೊತ್ತಾಗುವುದು ದರಪಟ್ಟಿಯಿಂದ. ಯಾರ ಜೇಬಿನಿಂದ ಎಷ್ಟು ಹೋಗುತ್ತದೆ ಎನ್ನುವುದೇ ಮಾತಿನ ಉದ್ದ, ಧಾಟಿ, ವ್ಯಾಕರಣ, ಅಳುವಿನ ಪ್ರಮಾಣ ಎಲ್ಲವನ್ನೂ ತೀರ್ಮಾನಿಸುತ್ತದೆ. ಈ ಪ್ರಕಾರ ವರ್ಗಗಳು ನಾಲ್ಕು: ಅಲ್ಪಶುಲ್ಕ, ಬಹುಶುಲ್ಕ, ಶುಲ್ಕವಂಚಕ, ನಿಶ್ಶುಲ್ಕ.

ಇಲ್ಲಿ ಪೂರ್ವಪಕ್ಷ. ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಳಿಯನ ಆಕ್ಷೇಪ: “ಎಲ್ಲಾದಕ್ಕೂ ದುಡ್ಡಿನ ಲೆಕ್ಕ ಹಾಕಿದ್ರೆ ಹೇಗೆ ಮಾವ? ಪ್ರೀತಿ ಗೀತಿ ಏನೂ ಇಲ್ವಾ?” ಸಮಾಧಾನ: ಪ್ರೀತಿ ನಾಲ್ಕೂ ವರ್ಗಗಳಲ್ಲಿ ಧಾರಾಳವಾಗಿದೆ. ಅದಕ್ಕೆ ಎಷ್ಟು ಅಕ್ಷರ ಸಿಗಬೇಕು ಅನ್ನುವುದಷ್ಟೇ ದರದ ಕೈಯಲ್ಲಿರುವುದು.

ಅಲ್ಪಶುಲ್ಕದ ಮೂಲಪುರುಷ ಅಂಚೆ ಕಾರ್ಡು. 1879ರಲ್ಲಿ ಕಾಲಾಣೆಗೆ ಹುಟ್ಟಿ, ಇಷ್ಟು ವರ್ಷ ಕಳೆದರೂ ಐವತ್ತು ಪೈಸೆಯನ್ನು ದಾಟದ ಸಂಯಮಿ. ಮಧ್ಯೆ ವಿಳಾಸದ ಪಕ್ಕದಲ್ಲಿ ಜಾಹೀರಾತು ಹೊತ್ತು ಇಪ್ಪತ್ತೈದು ಪೈಸೆಗೆ ಇಳಿದ ಒಂದು ಉಪಜಾತಿಯೂ ಬಂತು. ಅದಕ್ಕೆ ಇಲಾಖೆ ಇಟ್ಟ ಹೆಸರು ಮೇಘದೂತ. ಕಾಳಿದಾಸನ ಯಕ್ಷನಿಗೆ ಮೋಡ ಪುಕ್ಕಟೆ ಸಿಕ್ಕಿತ್ತು, ಮೈಮೇಲೆ ಜಾಹೀರಾತೂ ಇರಲಿಲ್ಲ. ಕಾರ್ಡಿನ ಅರ್ಧಭಾಗ ‘ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ’ ಎಂಬಲ್ಲಿಂದ ಹಿಡಿದು ‘ಉಭಯಕುಶಲೋಪರಿ ಸಾಂಪ್ರತ’ ಎನ್ನುವುದರೊಳಗೆ ಮುಗಿದುಹೋಗುತ್ತಿತ್ತು. ಉಳಿದರ್ಧದಲ್ಲಿ ಮಳೆ, ಎಮ್ಮೆ ಕರು ಹಾಕಿದ್ದು, ಮತ್ತು ಹಣ. ಹಣದ ಮಾತು ಯಾವಾಗಲೂ ಅಂಚಿನಲ್ಲಿ, ಕಾರ್ಡನ್ನು ತಿರುಗಿಸಿ ಓದಬೇಕಾದ ಕಡೆ. ಕಾರ್ಡನ್ನು ಪೋಸ್ಟ್‌ಮ್ಯಾನ್ ಮೊದಲು ಓದುತ್ತಿದ್ದ ಎಂಬುದು ದೋಷವೆಂದು ಕೆಲವರ ಮತ. ಅಕ್ಷರ ಬಾರದ ಮನೆಯಲ್ಲಿ ಓದಿ ಹೇಳುವವನೂ ಅವನೇ ಆದ್ದರಿಂದ ನಾನು ಅದನ್ನು ಗುಣದಲ್ಲಿ ಸೇರಿಸಿದ್ದೇನೆ. ನಾಲ್ಕು ಮೂಲೆಗೆ ಅರಿಶಿನ ಇದ್ದರೆ ಮದುವೆ. ಎಂದರೆ ಅಕ್ಷರ ನೋಡುವ ಮೊದಲೇ ವಿಷಯ ಅರ್ಧ ತಿಳಿದಿರುತ್ತಿತ್ತು.

ಇನ್‌ಲ್ಯಾಂಡ್ ಲೆಟರಿನದು ಬೇರೆಯೇ ಸಂಕಟ. ಬರೆಯುತ್ತ ಬರೆಯುತ್ತ ಜಾಗ ಮುಗಿದು, ನಿಜವಾಗಿ ಹೇಳಬೇಕಾದದ್ದು ಮಡಿಕೆಯ ಅಂಟುಪಟ್ಟಿಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಓದುವವರು ಆತುರದಲ್ಲಿ ಕಿತ್ತಾಗ ಹರಿಯುತ್ತಿದ್ದುದೂ ಅದೇ ಜಾಗ. ‘ಹುಡುಗ ಒಪ್ಪಿದ್ದಾನೆ, ಆದರೆ’ ಎಂಬಲ್ಲಿಗೆ ಹರಿದ ಇನ್‌ಲ್ಯಾಂಡನ್ನು ಹಿಡಿದು, ಚೂರನ್ನು ಜೋಡಿಸಿ ಜೋಡಿಸಿ ಬೆಳಕಿಗೆ ಒಡ್ಡಿ, ಕೊನೆಗೆ ‘ಆದರೆ’ಗೆ ತಾವೇ ಒಂದು ಅರ್ಥ ಕೊಟ್ಟುಕೊಂಡ ಮನೆಗಳಿವೆ.

ಬಹುಶುಲ್ಕದಲ್ಲಿ ತಂತಿಗೆ ಅಗ್ರಪೂಜೆ. 1850ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ಎಳೆದ ತಂತಿಯಿಂದ ಶುರುವಾಗಿ 2013ರ ಜುಲೈನಲ್ಲಿ ಸೇವೆ ನಿಂತಿತು. ಪದಕ್ಕಿಷ್ಟು ಎಂಬ ದರದಿಂದಾಗಿ ವಿಭಕ್ತಿ, ವಿಶೇಷಣ, ನಮಸ್ಕಾರ ಎಲ್ಲ ಉದುರಿ ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂಬ ಅಸ್ಥಿಪಂಜರ ಉಳಿಯಿತು. ಇದಕ್ಕೆ ಎರಡು ಭೇದ: ನಿಜತಂತಿ ಮತ್ತು ರಜಾತಂತಿ. ಎರಡನೆಯದು ದೂರದ ನೌಕರಿಯಲ್ಲಿದ್ದವನು ಊರಿಗೆ ಬರೆದು ತರಿಸಿಕೊಳ್ಳುತ್ತಿದ್ದದ್ದು. ತಾಯಿ ಹಿತ್ತಲಲ್ಲಿ ಹಪ್ಪಳ ಒಣಗಿಸುತ್ತ ಆರೋಗ್ಯವಾಗಿರುತ್ತಿದ್ದಳು. ಶುಭಾಶಯದ ತಂತಿಗೆ ಇಲಾಖೆಯೇ ಸಿದ್ಧವಾಕ್ಯಗಳಿಗೆ ನಂಬರು ಕೊಟ್ಟಿತ್ತು, ನಂಬರು ಬರೆದರೆ ಸಾಕು, ಆಶೀರ್ವಾದ ಅಲ್ಲಿ ಮುಟ್ಟುತ್ತಿತ್ತು. ಆದರೂ ತಂತಿಯವನ ಸೈಕಲ್ ಮನೆ ಮುಂದೆ ನಿಂತಿತೆಂದರೆ ಲಕೋಟೆ ಒಡೆಯುವ ಮೊದಲೇ ಒಳಗಿನಿಂದ ಅಳು ಏಳುತ್ತಿತ್ತು. ಇಷ್ಟು ಖರ್ಚು ಮಾಡಿದ್ದಾರೆಂದರೆ ಒಳ್ಳೆಯ ಸುದ್ದಿ ಹೇಗಾದೀತು?

ಟ್ರಂಕ್ ಕಾಲಿನ ಲಕ್ಷಣ ಕೂಗು. ದೂರ ಹೆಚ್ಚಿದಷ್ಟೂ ದರ ಹೆಚ್ಚು, ದರ ಹೆಚ್ಚಿದಷ್ಟೂ ಗಂಟಲು ಹೆಚ್ಚು. ದೆಹಲಿಯಲ್ಲಿದ್ದ ಮಗನಿಗೆ ಹೇಳಿದ್ದನ್ನು ಬೀದಿ ಕೊನೆಯ ಅಂಗಡಿಯವನೂ ಕೇಳಿಸಿಕೊಳ್ಳುತ್ತಿದ್ದ. ನಂಬರ್ ಬುಕ್ ಮಾಡಿ ‘ಪಿ.ಪಿ.’ ಅಂದರೆ, ಬೇಕಾದ ಮನುಷ್ಯನೇ ಸಿಕ್ಕಿದರೆ ಮಾತ್ರ ಪೂರ್ತಿ ಹಣ. ಇದೇ ಎರಡಕ್ಷರ ಆಮೇಲೆ ವಿಸಿಟಿಂಗ್ ಕಾರ್ಡುಗಳ ಮೇಲೆ, ಪಕ್ಕದ ಮನೆಯವರ ಫೋನ್ ನಂಬರಿನ ಮುಂದೆ ಬಂದು ಕೂತಿತು. ನಮ್ಮ ರಾಜ್ಯಕ್ಕೆ ಈ ವರ್ಗದಲ್ಲಿ ಸ್ವಲ್ಪ ಹೆಮ್ಮೆಯ ಪಾಲಿದೆ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಕಪ್ಪು ಫೋನಿನ ಹೆಸರಲ್ಲಿ ಬೆಂಗಳೂರಿನಲ್ಲಿ ಒಂದು ಬಡಾವಣೆಯೇ ಇದೆ, ದೂರವಾಣಿನಗರ. ಸ್ಯಾಮ್ ಪಿತ್ರೋಡ ಕಾಲದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ ಪುಟ್ಟ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಆ ಬಳಿಕದ ಎಸ್‌ಟಿಡಿ ಬೂತನ್ನು ಎಲ್ಲರೂ ಬಲ್ಲರು: ಗಾಜಿನ ಗೂಡು, ಓಡುವ ಕೆಂಪು ಅಂಕಿ, ರಾತ್ರಿ ಹನ್ನೊಂದಕ್ಕೆ ಕಾಲು ದರ ಶುರುವಾಗಲೆಂದು ಸ್ವೆಟರ್ ಹಾಕಿಕೊಂಡು ನಿಂತ ಸಾಲು. ಪ್ರೇಮ ರಾತ್ರಿಯಲ್ಲಿ ಉಕ್ಕುತ್ತದೆಂದು ಕವಿಗಳು ಹೇಳಿದ್ದರು. ಏಕೆಂದು ಹೇಳಿದ್ದು ಟೆಲಿಕಾಂ ಇಲಾಖೆ.

ಈಗ ಗ್ರಂಥದ ಹೃದಯವಾದ ಶುಲ್ಕವಂಚಕ ಪ್ರಕರಣ.

ಇದರ ಆದಿಯಲ್ಲಿ ಬೇರಿಂಗ್ ಕಾಗದವಿದೆ. ಅಂಚೆಚೀಟಿ ಹಚ್ಚದೆ ಹಾಕಿದ್ದು, ಎರಡರಷ್ಟು ತೆತ್ತು ಬಿಡಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಕೋಲ್‌ರಿಜ್ ಕವಿಯ ಬಗ್ಗೆ ಒಂದು ಕತೆ ಹೇಳುತ್ತಾರೆ. ಅಲ್ಲಿ ಆಗ ಕಾಗದದ ಹಣವನ್ನು ಪಡೆಯುವವರೇ ಕೊಡುತ್ತಿದ್ದರು. ಅಣ್ಣನ ಕಾಗದ ಬಂದರೂ ದುಡ್ಡಿಲ್ಲವೆಂದು ಹಿಂದಿರುಗಿಸುತ್ತಿದ್ದ ಹುಡುಗಿಯನ್ನು ಕಂಡು ಕನಿಕರಪಟ್ಟು ಕವಿ ತಾನೇ ಹಣ ತೆತ್ತನಂತೆ. ಒಡೆದು ನೋಡಿದರೆ ಬರೀ ಬಿಳಿ ಹಾಳೆ. ಕಾಗದ ಬಂದರೆ ಅಣ್ಣ ಕ್ಷೇಮ ಎಂದು ಇಬ್ಬರಲ್ಲಿ ಮೊದಲೇ ಮಾತಾಗಿತ್ತು. ಲಕ್ಷಣಕ್ಕೆ ಅನುಸಾರವಾಗಿ ನೋಡಿದರೆ ಇದು ಪರಿಶುದ್ಧ ಮಿಸ್ಡ್ ಕಾಲ್.

ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿ ವಾಚ್ಯಕ್ಕಿಂತ ವ್ಯಂಗ್ಯವೇ, ಎಂದರೆ ಹೇಳಿದ್ದಕ್ಕಿಂತ ಹೇಳದೆ ಹೊಳೆಯುವ ಅರ್ಥವೇ, ಮೇಲೆಂದು ಸಾಧಿಸಿದ. ಪಾಪ, ಅವನ ಉದಾಹರಣೆಗಳಲ್ಲೆಲ್ಲ ಒಂದೊಂದು ವಾಕ್ಯವಾದರೂ ಇರಲೇಬೇಕಾಯಿತು. ಮಿಸ್ಡ್ ಕಾಲಿನಲ್ಲಿ ವಾಚ್ಯ ಸೊನ್ನೆ, ಇರುವುದೆಲ್ಲ ವ್ಯಂಗ್ಯ. ಯಾರು, ಯಾರಿಗೆ, ಎಲ್ಲಿಂದ, ಎಷ್ಟು ಹೊತ್ತಿಗೆ ಕೊಟ್ಟರು ಎಂಬುದರ ಮೇಲೆ ಅರ್ಥ. ಭಾನುವಾರ ರಾತ್ರಿ ಧಾರವಾಡದಿಂದ ಬಂದರೆ ಮಗಳು ಹಾಸ್ಟೆಲ್ ಸೇರಿದಳೆಂದು, ಇದು ಕ್ಷೇಮಸೂಚಕ. ಗೇಟಿನ ಹೊರಗೆ ಸ್ಕೂಟರ್ ಸದ್ದಿನ ಜೊತೆ ಬಂದರೆ ಆಜ್ಞಾರ್ಥಕ, ಬೇಗ ಇಳಿದು ಬಾ. ತಿಂಗಳ ಕೊನೆಯಲ್ಲಿ ಬಂದರೆ ಯಾಚಕ: ಬ್ಯಾಲೆನ್ಸ್ ಇಲ್ಲ, ನೀವೇ ಮಾಡಿ. ಯಾಚಕದಲ್ಲಿ ದಾರಿದ್ರ್ಯಜನ್ಯ, ಲೋಭಜನ್ಯ ಎಂದು ಒಳಭೇದವಿದೆ; ಎರಡು ಸೈಟಿನ ಮಾಲೀಕರಿಂದ ಬರುವುದು ಎರಡನೆಯದು. ಅಚೇತನಗಾಮಿ ಎಂಬುದು ನಮ್ಮ ರೈತರು ಬಳಸುವ ಅಪೂರ್ವ ಭೇದ. ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರುವುದು ಅಪರಾತ್ರಿಯಲ್ಲಿ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದವರು ಹೊದಿಕೆಯೊಳಗಿಂದಲೇ ರಿಂಗ್ ಕೊಟ್ಟು ಅದನ್ನು ಶುರುಮಾಡುತ್ತಾರೆ. ಹಾವು ಚೇಳಿನ ಬದುವಿನ ಮೇಲೆ ಕತ್ತಲಲ್ಲಿ ನಡೆಯುವುದು ತಪ್ಪುತ್ತದೆ. ಈ ಶಾಸ್ತ್ರದಲ್ಲಿ ಇದಕ್ಕಿಂತ ಮೇಲಾದ ಪ್ರಯೋಗವನ್ನು ನಾನು ಕಂಡಿಲ್ಲ. ರಾಜಕೀಯ, ಬ್ಯಾಂಕೀಯ ಭೇದಗಳೂ ಇವೆ: ಮಿಸ್ಡ್ ಕಾಲ್ ಕೊಟ್ಟು ಪಕ್ಷದ ಸದಸ್ಯರಾಗಬಹುದು, ಖಾತೆಯಲ್ಲಿ ಏನೂ ಇಲ್ಲವೆಂದು ತಿಳಿಯಬಹುದು. ಮಿಸ್ಡ್ ಕಾಲನ್ನೇ ವ್ಯಾಪಾರ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು 2015ರಲ್ಲಿ ಟ್ವಿಟ್ಟರ್ ಕೊಂಡುಕೊಂಡಿತು.

ಪ್ರಯೋಗದ ಕೌಶಲ ಹೆಬ್ಬೆರಳಿನಲ್ಲಿತ್ತು. ನೋಕಿಯಾ 1100ರ ರಬ್ಬರಿನ ಬಟನ್ನು ಒತ್ತಿ, ಫೋನನ್ನು ಕಿವಿಗಿಡದೆ ಎದೆಯ ಮಟ್ಟದಲ್ಲಿ ಹಿಡಿದು, ಬೆರಳನ್ನು ಕಟ್ ಮಾಡುವ ಗುಂಡಿಯ ಮೇಲೆ ತೂಗಿಸಿಟ್ಟು, ಆ ಕಡೆ ಅರ್ಧ ರಿಂಗ್ ಆಗುತ್ತಲೂ ಒತ್ತುವುದು. ಬೇಗ ಕಟ್ ಮಾಡಿದರೆ ಅಲ್ಲಿ ಬಾರಿಸಿಯೇ ಇರುವುದಿಲ್ಲ. ತಡವಾದರೆ ಪ್ರಾಣಘಾತಕವಾದ ಸ್ವೀಕಾರದೋಷ, ಎಂದರೆ ಅವರು ಎತ್ತಿಬಿಡುವುದು. “ಅಯ್ಯೋ, ಯಾಕ್ರೀ ಎತ್ತಿದ್ರಿ!” ಎಂಬ ಬೈಗುಳಕ್ಕೆ ಒಂದು ರೂಪಾಯಿ ಹೋಗುತ್ತಿತ್ತು. ಒಳಬರುವ ಕರೆಗೂ ಹಣ ತೆರಬೇಕಾಗಿದ್ದ 2003ಕ್ಕಿಂತ ಮುಂಚೆಯಂತೂ ಎತ್ತಿದವರಿಗೂ ನಷ್ಟ.

ಎಸ್ಸೆಮ್ಮೆಸ್ಸು ಇದೇ ವರ್ಗದ ಕಿರಿಯ ದಾಯಾದಿ. 160 ಅಕ್ಷರದ ಮಿತಿ ಅದಕ್ಕೆ ಸ್ವರಗಳನ್ನು ನುಂಗುವುದನ್ನು ಕಲಿಸಿತು. ಅಗ್ಗದ ಮೆಸೇಜ್ ಪ್ಯಾಕುಗಳು ಹೊಸವರ್ಷ, ದೀಪಾವಳಿಯಂಥ ದಿನಗಳಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ ಜನ ಹಿಂದಿನ ದಿನವೇ ‘ಅಡ್ವಾನ್ಸ್ ಹ್ಯಾಪಿ ದೀಪಾವಳಿ’ ಕಳಿಸಿ ಮುಗಿಸಿದರು. ಪಂಚಾಂಗಕರ್ತರಿಗೆ ಸಾಧ್ಯವಾಗದ ತಿಥಿಪಲ್ಲಟವನ್ನು ದರಪಟ್ಟಿ ಸಾಧಿಸಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತು ಪುಕ್ಕಟೆಯಾಯಿತು, ಮಿಸ್ಡ್ ಕಾಲಿನ ಯುಗ ಮುಗಿಯಿತು. ಅದರ ಉತ್ತರಕ್ರಿಯೆಯಲ್ಲೂ ಜಗಳವಾಗದೆ ಇರಲಿಲ್ಲ. 2019ರಲ್ಲಿ ಫೋನು ಎಷ್ಟು ಸೆಕೆಂಡು ಬಾರಿಸಬೇಕೆಂದು ಕಂಪನಿಗಳೇ ಕಿತ್ತಾಡಿದವು. ರಿಂಗ್ ಬೇಗ ನಿಂತರೆ ಮಿಸ್ಡ್ ಕಾಲ್ ಆಗಿ ಆ ಕಡೆಯವರು ತಿರುಗಿ ಫೋನ್ ಮಾಡುತ್ತಿದ್ದರು, ಆಗ ನಿಮಿಷಕ್ಕೆ ಆರು ಪೈಸೆಯ ಸಂಪರ್ಕಶುಲ್ಕ ಅವರ ಕಂಪನಿಯ ತಲೆಗೆ ಬೀಳುತ್ತಿತ್ತು. ಕೊನೆಗೆ ಟ್ರಾಯ್ ಮಧ್ಯೆ ಬಂದು ಮೊಬೈಲಿಗೆ 30 ಸೆಕೆಂಡು, ಲ್ಯಾಂಡ್‌ಲೈನಿಗೆ 60 ಎಂದು ವಿಧಿಸಿತು. ಹಾಸ್ಟೆಲ್ ಹುಡುಗರ ವಿದ್ಯೆಯನ್ನು ಕಂಪನಿಗಳೂ ಕಲಿತಿದ್ದವು ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ನಿಶ್ಶುಲ್ಕ ವರ್ಗ ವಿಸ್ತಾರದಲ್ಲಿ ಸಮುದ್ರ, ಆಳದಲ್ಲಿ ಮೊಣಕಾಲು. ದರ ಹೋದಮೇಲೆ ಕೊಡುವವರಿಗೆ ಲಗಾಮಿಲ್ಲ. ಒಂದು ಫಾರ್ವರ್ಡನ್ನು ಒಂದು ಸಲಕ್ಕೆ ಐದೇ ಕಡೆಗೆ ಎಂದು 2018ರಲ್ಲಿ ವಾಟ್ಸಾಪೇ ನಮ್ಮ ದೇಶಕ್ಕೆ ಪಡಿತರ ಹಾಕಬೇಕಾಯಿತು. ಪದೇಪದೇ ಸುತ್ತಿದ್ದಕ್ಕೆ 2020ರಲ್ಲಿ ಒಂದೇ ಕಡೆ. ಧ್ವನಿಸಂದೇಶದಲ್ಲಿ ನಮ್ಮ ದೊಡ್ಡಮ್ಮ ಪ್ರಮಾಣಭೂತರು. “ಹಲೋ… ಹಲೋ… ಕೇಳಿಸ್ತಿದೆಯೇನೋ?” ಎಂದು ರೆಕಾರ್ಡಿಂಗನ್ನೇ ಕೇಳಿ, ಉತ್ತರಕ್ಕೆ ಸ್ವಲ್ಪ ಕಾದು, ಆಮೇಲೆ ಹಲಸಿನ ಹಪ್ಪಳದ ವಿಷಯಕ್ಕೆ ಬರುತ್ತಾರೆ. ಸೋದರಳಿಯ ಅದನ್ನು ಎರಡರ ವೇಗದಲ್ಲಿ ಕೇಳುತ್ತಾನೆ. ಆ ವೇಗದಲ್ಲಿ ದೊಡ್ಡಮ್ಮ ಹರಾಜು ಕೂಗುವವರಂತೆ ಕೇಳಿಸುತ್ತಾರೆ, ಮಧ್ಯದ ನಿಟ್ಟುಸಿರು ಮಾತ್ರ ಕೈಬಿಟ್ಟುಹೋಗುತ್ತದೆ. ಇನ್ನು ಗುಲಾಬಿ ಹೂವಿನ ‘ಶುಭೋದಯ’. ಎಲ್ಲರೂ ಹೀಯಾಳಿಸುವ ಈ ಪ್ರಾಣಿಯನ್ನು ನಾನು ಕ್ಷೇಮಸೂಚಕ ಮಿಸ್ಡ್ ಕಾಲಿನ ವಂಶಕ್ಕೆ ಸೇರಿಸುತ್ತೇನೆ. ಒಂಟಿಯಾಗಿರುವ ನಿವೃತ್ತ ಮೇಷ್ಟ್ರ ಗುಲಾಬಿ ಒಂದು ದಿನ ಎಂಟು ಗಂಟೆಯಾದರೂ ಬಾರದಿದ್ದರೆ, ಮೂರು ವರ್ಷದಿಂದ ಅದನ್ನು ತೆರೆದೂ ನೋಡದವನೇ ಮೊದಲು ಫೋನ್ ಮಾಡುತ್ತಾನೆ.

ವಿಚಿತ್ರವೆಂದರೆ ಈ ವರ್ಗದಲ್ಲೂ ತೂಕವಿರುವುದು ಮಾತಿಲ್ಲದ್ದಕ್ಕೇ. 2014ರಿಂದ ಬಂದ ಎರಡು ನೀಲಿ ಗೀಟು, ಅದರ ನಂತರದ ಉತ್ತರವಿಲ್ಲದ ಮಧ್ಯಾಹ್ನ. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಶಿಲಾಶಾಸನ. ಅತ್ತಿಗೆ ಅಳಿಸಿದ ಒಂದು ಸಾಲಿನ ಪಾಠಶೋಧನೆಯಲ್ಲಿ ನಮ್ಮ ಮನೆಯವರು ಕಳೆದ ಹೊತ್ತನ್ನು ಹಳಗನ್ನಡ ಓಲೆಗರಿಗಳಿಗೆ ಕೊಟ್ಟಿದ್ದರೆ ಒಂದು ಕಾವ್ಯವಾದರೂ ಸಂಪಾದನೆಯಾಗುತ್ತಿತ್ತು.

ಕೊನೆಯದಾಗಿ ಸಂಕರಜಾತಿ ಒಂದಿದೆ. ಸೋದರಳಿಯನ ಪೀಳಿಗೆಯವರು ಹೇಳದೆ ಕೇಳದೆ ಫೋನ್ ಮಾಡುವುದನ್ನು ಬಾಗಿಲು ತಟ್ಟದೆ ಒಳನುಗ್ಗುವುದಕ್ಕೆ ಸಮನಾದ ಅಪರಾಧವೆಂದು ಎಣಿಸುತ್ತಾರೆ. ಮೊದಲು ‘ಫ್ರೀ ಇದೀರಾ? ಕಾಲ್ ಮಾಡ್ಲಾ?’ ಎಂದು ಮೆಸೇಜು, ಒಪ್ಪಿಗೆ ಬಂದಮೇಲೆ ಕರೆ. ಇದು ತಮ್ಮ ಕಾಲದ ನಾಗರಿಕತೆ ಎಂದು ಅವನ ವಾದ. ಇದು ಟ್ರಂಕ್ ಎಕ್ಸ್‌ಚೇಂಜಿನ ಪಿ.ಪಿ. ಕರೆಯಲ್ಲದೆ ಬೇರೇನೂ ಅಲ್ಲ, ಮನುಷ್ಯ ಸಿಗುತ್ತಾನೆಂದು ಖಾತ್ರಿಯಾದಮೇಲೆ ಖರ್ಚು, ಈಗ ಖರ್ಚಾಗುವುದು ಹೊತ್ತು ಎಂದಷ್ಟೇ ಭೇದ ಎಂದು ಪ್ರಮಾಣಸಹಿತವಾಗಿ ಅವನಿಗೆ ಬರೆದು ಕಳಿಸಿದೆ, ಮೇಘದೂತ ಕಾರ್ಡಿನ ಪ್ರಸ್ತಾಪವನ್ನೂ ಸೇರಿಸಿ. ಉತ್ತರವಾಗಿ ಒಂದು ಹಳದಿ ಹೆಬ್ಬೆರಳು ಬಂತು. ಅದು ಸಿದ್ಧಾಂತದ ಅಂಗೀಕಾರವೋ, ‘ಸಾಕು ಮಾಡಿ ಮಾವ’ ಎಂಬುದೋ? ಪೂರ್ವಪಕ್ಷಿಯನ್ನೇ ಕೇಳೋಣವೆಂದು ಫೋನ್ ಮಾಡಿದರೆ, ಕಟ್ ಮಾಡಿ ‘ಮೀಟಿಂಗ್‌ನಲ್ಲಿದೀನಿ’ ಎಂದು ಹಾಕಿದ್ದಾನೆ.