ಅವರೆಕಾಳಿನ ಪರೀಕ್ಷೆ

ನಮ್ಮ ಕಾಂಪೌಂಡಿನಾಚೆಯ ಮೇಷ್ಟ್ರು ರಿಟೈರಾದರೂ ಪಾಠ ಬಿಟ್ಟಿಲ್ಲ. ಸದ್ಯಕ್ಕೆ ಕೈಗೆ ಸಿಕ್ಕಿರುವ ಶಿಷ್ಯ ಐದು ವರ್ಷದ ಮೊಮ್ಮಗ. ಮೊನ್ನೆ ಗೋಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಶುರುಮಾಡಿದರು.

"ನೋಡ್ರೀ, ಒಂದು ದೋಸೆ ಸಾಲ್ದು ಅಂತ ಇವನ ರಂಪ. ಅವರಜ್ಜಿ ಅದನ್ನೇ ನಾಲ್ಕು ಚೂರು ಮಾಡಿ ತಟ್ಟೆ ತುಂಬ ಹರಡಿದ್ಲು. 'ಈಗ ಜಾಸ್ತಿ ಆಯ್ತು' ಅಂತ ತಿಂದ್ಬಿಟ್ಟ. ಬುದ್ಧಿ ಚುರುಕಿಲ್ವೇನೋ ಅಂತ ಭಯ ನನಗೆ."

"ಅದು ವಯಸ್ಸಿನ ಬುದ್ಧಿ ಮೇಷ್ಟ್ರೇ. ಸ್ವಿಟ್ಜರ್ಲೆಂಡಿನ ಪಿಯಾಜೆ ಅಂತ ಒಬ್ಬ ಇದ್ದ. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆ ಮಾಡೋ ಕೆಲಸ ಸಿಕ್ಕಿತು. ಉಳಿದವರು ಸರಿ ಉತ್ತರ ಎಣಿಸ್ತಿದ್ರೆ, ಈ ಮಹರಾಯ ತಪ್ಪು ಉತ್ತರಗಳ ಬೆನ್ನು ಹತ್ತಿದ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡ್ತವೆ ಅಂತ ಗೊತ್ತಾಯ್ತು. ಮುಂದೆ ಸ್ವಂತ ಮೂರು ಮಕ್ಕಳನ್ನೂ ಬಿಡಲಿಲ್ಲ, ತೊಟ್ಟಿಲ ಕಾಲದಿಂದ ನೋಡಿ ನೋಡಿ ಬರೆದಿಟ್ಟ. ಗಿಡ್ಡ ಲೋಟದ ನೀರನ್ನ ಕಣ್ಣೆದುರಿಗೇ ಎತ್ತರದ ಸಣ್ಣ ಲೋಟಕ್ಕೆ ಸುರಿದ್ರೂ ಈ ವಯಸ್ಸಿನವು 'ಇದರಲ್ಲೇ ಜಾಸ್ತಿ' ಅಂತವೆ. ಎತ್ತರ ಕಾಣುತ್ತೆ, ಅಗಲ ಲೆಕ್ಕಕ್ಕೆ ಬರಲ್ಲ."

"ಹಾಗಾದ್ರೆ ಈಗಿಂದ್ಲೇ ತಿದ್ದಿಬಿಟ್ರೆ?"

"ಬೇಗ ಕಲಿಸೋದು ಹೇಗೆ ಅನ್ನೋದನ್ನ ಪಿಯಾಜೆ 'ಅಮೆರಿಕನ್ ಪ್ರಶ್ನೆ' ಅಂತ ಕರೀತಿದ್ದ. ಅಲ್ಲಿಗೆ ಭಾಷಣಕ್ಕೆ ಹೋದಾಗೆಲ್ಲ ಅದನ್ನೇ ಕೇಳ್ತಿದ್ರಂತೆ." (ನಮ್ಮ ಬಡಾವಣೆಗೆ ಬಂದಿದ್ದರೆ ಹೆಸರು ಬದಲಾಯಿಸುತ್ತಿದ್ದ.)

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮೊಮ್ಮಗನನ್ನು ಸ್ಟೂಲಿನ ಮೇಲೆ ಹತ್ತಿಸಿ, ಗೋಡೆಯ ಮೇಲೆ ಎರಡು ಸಾಲು ಕಾಳು ಜೋಡಿಸಿದರು. ಯಾವುದು ಜಾಸ್ತಿ? "ಎರಡೂ ಒಂದೇ." ಒಂದು ಸಾಲನ್ನು ಅಗಲ ಮಾಡಿ, ಹುಬ್ಬೇರಿಸಿ, "ಈಗ?" ಅಂದರು. ಹುಡುಗ ಕಾಳು ನೋಡಲೇ ಇಲ್ಲ, ತಾತನ ಮುಖ ನೋಡಿದ. "ಇದು," ಅಂತ ಉದ್ದದ ಸಾಲು ತೋರಿಸಿದ.

"ನೋಡಿದ್ರಾ!" ಅಂದರು ಮೇಷ್ಟ್ರು.

"ನೋಡಿದೆ. ಎರಡನೇ ಸಲ ಯಾಕೆ ಕೇಳಿದ್ರಿ? ಮೊದಲು ಹೇಳಿದ್ದು ತಪ್ಪು ಅಂದ್ಕೊಂಡಿರ್ತಾನೆ. ಎಡಿನ್‌ಬರೊದ ಮಾರ್ಗರೆಟ್ ಡೊನಾಲ್ಡ್‌ಸನ್‌ಗೂ ಅವರ ಜೊತೆಯವರಿಗೂ 1970ರ ದಶಕದಲ್ಲಿ ಇದೇ ಅನುಮಾನ ಬಂತು. ದೊಡ್ಡವರು ಸಾಲು ಕೆಡಿಸೋ ಬದಲು ತುಂಟ ಟೆಡ್ಡಿ ಗೊಂಬೆ ಬಂದು ಚೆಲ್ಲಾಪಿಲ್ಲಿ ಮಾಡೋ ಹಾಗೆ ಆಟ ಕಟ್ಟಿದ್ರು. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ 'ಒಂದೇ' ಅಂದ್ರು. ದೊಡ್ಡವರ ಕೈಯಾಡಿದಾಗ ಹಾಗಂದವರು ತೀರ ಕಮ್ಮಿ."

ಮೇಷ್ಟ್ರು ಒಂದು ಕಾಯಿ ಸುಲಿಯುವಷ್ಟು ಹೊತ್ತು ಸುಮ್ಮನಿದ್ದರು. "ಕ್ಲಾಸಲ್ಲಿ ನಾನು 'ಏನಂದೆ? ಇನ್ನೊಂದ್ಸಲ ಹೇಳು' ಅಂದ್ರೆ ಸಾಕು, ಸರಿ ಹೇಳಿದ ಹುಡುಗ್ರೂ ಉತ್ತರ ಬದಲಾಯಿಸ್ತಿದ್ರು ಕಣ್ರೀ. ಕಿವಿ ಮಂದ ನನಗೆ, ಕೇಳಿಸದೆ ಕೇಳ್ತಿದ್ದೆ ಅಷ್ಟೆ."

ಪಿಯಾಜೆ ಪೂರ್ತಿ ತಪ್ಪು ಅಂತಲ್ಲ. ಲೋಟದ ನೀರಿನ ಲೆಕ್ಕ ಹೆಚ್ಚಿನ ಮಕ್ಕಳಿಗೆ ಏಳರ ಆಸುಪಾಸಿನಲ್ಲಿ ತಾನಾಗಿ ಕೂಡಿಬರುತ್ತದೆ, ಅದಕ್ಕೆ ಟ್ಯೂಷನ್ ಬೇಕಿಲ್ಲ.