ಲಿಂಕ್ ಮಾಸ್ತರ

ಶಹಾಪುರದ ಗೊಬ್ಬರದಂಗಡಿಗಳಲ್ಲಿ ಈಗ ಹೊಸದೊಂದು ಜಾತಿಯ ಮನುಷ್ಯ ಕಾಣಸಿಗುತ್ತಾನೆ. ಸಾವಕಾರರ ಅಕ್ಕನ ಮಗನೋ, ತಂಗಿಯ ಮಗನೋ ಆಗಿರುತ್ತಾನೆ. ಬೆಂಗಳೂರಿನ ಕಂಪನಿಯಲ್ಲಿ ನೌಕರಿ. 'ಮನೆಯಿಂದಲೇ ಕೆಲಸ ಮಾಡು' ಅಂದದ್ದೇ ತಡ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಯಲ್ಲಿ ಇಳಿದವನು ತಿರುಗಿ ಹೋಗಿಲ್ಲ. ಕಂಪನಿ ಕೆಲಸ ಯಾವಾಗ ಮಾಡುತ್ತಾನೋ ದೇವರೇ ಬಲ್ಲ. ಹಗಲೆಲ್ಲ ಮಾವನ ಅಂಗಡಿಯಲ್ಲಿ ಕೂತು, ಗಲ್ಲೆಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಸುಧಾರಿಸುತ್ತಿರುತ್ತಾನೆ. ಗಲ್ಲೆ ಮುಟ್ಟಲು ಮಾವ ಬಿಡುವುದಿಲ್ಲ.

"ಮಾಮಾ, ಇದನ್ನ ಅದಕ್ಕ ಲಿಂಕ್ ಮಾಡಿಬಿಡೂಣು" ಎಂಬುದು ಅವನ ದಿನದ ಮಂತ್ರ. ಹಾಗಾಗಿ ಬಜಾರಿನವರು ಅವನನ್ನು ಲಿಂಕ್ ಮಾಸ್ತರ ಅಂತಲೇ ಕರೆಯುವುದು.

ಲಿಂಕ್ ಆಗಬೇಕಾದವು ಎರಡು. ಒಂದರಲ್ಲಿ ಅಂಗಡಿಯ ಮಾಲಿನ ಪೂರ್ತಿ ಜಾತಕ: ಹೆಸರು, ತೂಕ, ಬ್ಯಾಚ್ ನಂಬರ್, ಎಂಆರ್‌ಪಿ, ಎಚ್‌ಎಸ್‌ಎನ್ ಕೋಡ್, ಎಕ್ಸ್‌ಪೈರಿ, ಫೋಟೊ. ಇನ್ನೊಂದು ಟ್ರೆಲ್ಲೊದಂಥ ಕೆಲಸದ ಹಲಗೆ. ಮಾಡಬೇಕು, ನಡದದ, ಮುಗೀತು ಅಂತ ಮೂರು ಸಾಲು. ಜಾತಕದಲ್ಲಿ ಒಂದು ಮನೆ ಖಾಲಿ ಬಿದ್ದರೆ ಹಲಗೆಯಲ್ಲಿ ತಾನಾಗಿಯೇ ಚೀಟಿ ಹುಟ್ಟಿ, ಸಂಬಂಧಪಟ್ಟವನ ಫೋನು ಕುಂಯ್ ಅನ್ನಬೇಕು. ಲಕ್ಷಗಟ್ಟಲೆ ಮಾಲು, ನೂರಾರು ನೌಕರರಿರುವ ಆನ್‌ಲೈನ್ ಅಂಗಡಿಗಳಿಗೆ ಇದಿಲ್ಲದೆ ನಡೆಯುವುದಿಲ್ಲ, ಒಪ್ಪಿದೆ. ಇಲ್ಲಿರುವವರು ಸಾವಕಾರ, ಮುನೀಮ, ಹಮಾಲ, ಸುರಪುರ ಮತ್ತು ಯಾದಗಿರಿಯ ಅಂಗಡಿಗಳಲ್ಲಿ ಒಬ್ಬೊಬ್ಬ ಹುಡುಗ. ಎಲ್ಲರ ನಂಬರೂ ಮುನೀಮರಿಗೆ ಬಾಯಿಪಾಠ.

ಮೊದಲ ಅಡಚಣೆ ಯೂರಿಯಾದಿಂದಲೇ ಬಂತು. 2018ರಲ್ಲಿ ಚೀಲ 50 ಕಿಲೋದಿಂದ 45ಕ್ಕೆ ಇಳಿದಿದೆ. ಸುರಪುರದ ಹುಡುಗನ ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ರೂಢಿಯ ಮೇಲೆ 'ಉರಿಯಾ 50' ಅಂತಲೇ ಬರೆಯುತ್ತಾನೆ. ಯಾದಗಿರಿಯವ 'ಯುರಿಯ' ಅನ್ನುತ್ತಾನೆ. ಮಾಸ್ತರನ ಕಂಪ್ಯೂಟರಿನಲ್ಲಿ ಒಂದೇ ಚೀಲ ಮೂರು ಸರಕಾಗಿ ಹುಟ್ಟಿತು. ಮೂರಕ್ಕೂ ಫೋಟೊ ಇರಲಿಲ್ಲ. ಹಮಾಲನ ಫೋನು ಮೂರು ಸಲ ಕುಂಯ್ ಅಂದಿತು. ಬೆನ್ನ ಮೇಲಿನ ಚೀಲ ಇಳಿಸಿ, ಅದರ ಪಕ್ಕ ತಾನೂ ನಿಂತು, ಮೀಸೆ ನೀವಿ ಮೂರು ಸೆಲ್ಫಿ ಕಳಿಸಿದ. ಈಗಲೂ ಆ ಲಿಸ್ಟಿನಲ್ಲಿ ಯೂರಿಯಾ ಅಂತ ಹುಡುಕಿದರೆ ಅವನೇ ನಗುತ್ತಾನೆ.

ಆಮೇಲೆ ಎಣ್ಣೆಯ ಸರದಿ. ನಮ್ಮ ಕಡೆ ಕ್ರಿಮಿನಾಶಕಕ್ಕೆ ಎಣ್ಣಿ ಅಂತಲೇ ಅನ್ನುವುದು. ಡಬ್ಬಿಯ ಮೇಲೆ ವಿಷದ ತೀವ್ರತೆ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ಗುರುತಿಗೆ ಮಾಸ್ತರ ಒಂದು ಮನೆ ಮಾಡಿದ್ದ. ರಾಸಾಯನಿಕದ ಉದ್ದನೆಯ ಹೆಸರಿಗೆ ಮತ್ತೊಂದು. ಹುಣಸಗಿ ಕಡೆಯ ರೈತರೊಬ್ಬರು ಬಂದು, "ಹ್ವಾದ ಸಲ ಕೊಟ್ಟಿದ್ರಲ್ಲ, ನೀಲಿ ಮುಚ್ಚಳದ್ದು, ಅದs ಕೊಡ್ರಿ" ಅಂದರು. ಮಾಸ್ತರ ಹುಡುಕಿದ, ಹುಡುಕಿದ.

"ಕಾಕಾ, ಮುಚ್ಚಳದ ಬಣ್ಣಕ್ಕ ಫೀಲ್ಡs ಇಲ್ಲಲ್ರಿ!"

"ಫೀಲ್ಡ್ ಅವರ ಊರಾಗ ಅದ ತಮ್ಮಾ, ಹುಳ ಬಿದ್ದದ. ನೀ ಸರಿ ಈ ಕಡಿ" ಎನ್ನುತ್ತ ಮುನೀಮರು ಕೈ ಚಾಚಿ ಡಬ್ಬಿ ಕೊಟ್ಟರು.

ಇಷ್ಟಕ್ಕೆ ಸೋಲುವವನಲ್ಲ. ಅಂದೇ ಮುಚ್ಚಳದ ಮನೆಯನ್ನೂ ಕಟ್ಟಿದ. ಜೊತೆಗೆ, ಜಾತಕ ಬದಲಾದರೆ ಪರಿಶೀಲನೆಗೆ ಚೀಟಿ ಹುಟ್ಟಲಿ, ಚೀಟಿ ಮುಗಿದರೆ ಆ ತಾರೀಕು ಜಾತಕಕ್ಕೆ ಹೋಗಿ ಕೂರಲಿ ಅಂತ ಎರಡೂ ದಿಕ್ಕಿನ ಲಿಂಕ್ ಕೊಟ್ಟ. ತಾರೀಕು ಕೂತರೆ ಅದೂ ಬದಲಾವಣೆಯೇ ಅಲ್ಲವೆ? ಮತ್ತೆ ಚೀಟಿ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ಅದು. ಅಂಗಡಿಯ ಮುಂದೆ ಭತ್ತದವರು, ಹತ್ತಿಯವರು ಜಾತ್ರೆಯಂತೆ ನೆರೆದಿದ್ದರು. ಮುನೀಮರು ಒಂದು ಚೀಟಿಗೆ 'ಮುಗೀತು' ಒತ್ತಿದರೆ ಅದರ ಬೆನ್ನಿಗೇ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಅವರು ಫೋನನ್ನು ಡಿಎಪಿ ಚೀಲಗಳ ಸಂದಿಯಲ್ಲಿ ತುರುಕಿ, ಉದ್ರಿ ಖಾತೆಯ ಪುಸ್ತಕ ಬಿಚ್ಚಿ ಕೂತರು. ಚೀಲದೊಳಗಿಂದ ಸಂಜೆಯತನಕ ಕುಂಯ್ ಕುಂಯ್ ಕೇಳುತ್ತಿತ್ತು. ಇಲಿ ಹೊಕ್ಕಿದೆಯೆಂದು ಗಿರಾಕಿಯೊಬ್ಬ ಆ ಚೀಲ ಬೇಡವೆಂದ.

ಹಾಗಂತ ಮಾಸ್ತರನನ್ನು ಪೂರ್ತಿ ತೆಗೆದುಹಾಕುವಂತಿಲ್ಲ. ಅವಧಿ ಮುಗಿದ ಎಣ್ಣೆ ಮಾರಿದರೆ ಲೈಸೆನ್ಸಿಗೇ ಕುತ್ತು. ಎಕ್ಸ್‌ಪೈರಿಗೆ ಎರಡು ತಿಂಗಳಿರುವಾಗಲೇ "ಈ ಡಬ್ಬಿ ಕಂಪನಿಗೆ ವಾಪಸ್ ಕಳಿಸ್ರಿ" ಎಂಬ ಚೀಟಿ ಈಗ ತಪ್ಪದೆ ಬರುತ್ತದೆ. ಮೊದಲೆಲ್ಲ ಹಿಂದಿನ ಸಾಲಿನ ಡಬ್ಬಿಗಳು ಧೂಳು ತಿನ್ನುತ್ತ ಸಾಯುತ್ತಿದ್ದವು, ನಷ್ಟ ಸಾವಕಾರರದು. ಅವರು ಇದನ್ನು ಬಾಯಿಬಿಟ್ಟು ಹೊಗಳಿಲ್ಲ. ಆದರೆ ಸಂಜೆ ಸುಸಲಾ ತರಿಸುವಾಗ ಅಳಿಯನಿಗೆ ಎರಡು ಮಿರ್ಚಿ ಹೆಚ್ಚು ಹೇಳುತ್ತಾರೆ.

ನಿಮ್ಮ ಅಂಗಡಿಗೂ ಇಂಥವನೊಬ್ಬ ಬಂದೇ ಬರುತ್ತಾನೆ. ಕೂರಿಸಿ, ಚಹಾ ಕುಡಿಸಿ, ಎಕ್ಸ್‌ಪೈರಿಯದೊಂದು ಲಿಂಕ್ ಮಾಡಿಸಿಕೊಳ್ಳಿ. ಎರಡೂ ದಿಕ್ಕಿನ ಲಿಂಕ್ ಅಂತ ಶುರು ಮಾಡಿದನೋ, ಏನಾದರೂ ನೆಪ ಹೇಳಿ ಸುರಪುರದ ಅಂಗಡಿಗೆ ಕಳಿಸಿಬಿಡಿ.