ಸ್ಕೋರ್ ಎಷ್ಟಾತ್ರಿ?

ಬೀದರಿನ ನೆಹರು ಕ್ರೀಡಾಂಗಣದ ಹತ್ತಿರ ಒಂದು ಚಹಾ ಹೋಟೆಲು. ಕಾಕಾ ಬಂದರೆಂದರೆ ಮೊದಲು ಚಪ್ಪಲಿ ಸಪ್ಪಳ, ಆಮೇಲೆ ಕೆಮ್ಮು, ಅದರ ಬೆನ್ನಿಗೇ ಆ ಪ್ರಶ್ನೆ: "ಸ್ಕೋರ್ ಎಷ್ಟಾತ್ರಿ?"

ಹಳೇ ಗಿರಾಕಿಗಳು ಬಾಯಿ ಬಿಡುವುದಿಲ್ಲ. ಪಾಪ, ಹೊಸಬನೊಬ್ಬ "ಎಂಬತ್ತಕ್ಕ ಮೂರು ಕಾಕಾ" ಅಂದುಬಿಡುತ್ತಾನೆ. ಕಾಕಾ ಬೆಂಚಿನ ಮೇಲೆ ಕೂತು, ಚಹಾ ಬಸಿಗೆ ಸುರುವಿಕೊಂಡು, ಸೊರ್ ಎಂದು ಒಂದು ಸಲ ಎಳೆದು, "ಮೂರು ಹೋದವಾ? ನಮ್ಮ ಜಿಲ್ಲಾದಾಗಿಂದೂ ಮೂರು ತಾಲ್ಲೂಕು ಹಿಂಗೇ ಮುಂಬಯಿ ಕಡಿಗಿ ಹೋದವು ನೋಡು, 1956ರಾಗ" ಅನ್ನುತ್ತಾರೆ. ಅಲ್ಲಿಗೆ ಆ ದಿನದ ಕ್ರಿಕೆಟ್ ಮುಗಿಯಿತು. ಟಿವಿಯಲ್ಲಿ ಹದಿಮೂರನೇ ಓವರು ನಡೆದಿದ್ದರೆ ಅದು ಟಿವಿಯ ಹಣೆಬರಹ.

ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಬೋರ್ಡು ಇದೆ: ಇಲ್ಲಿ ರಾಜಕೀಯ ಮಾತಾಡಬಾರದು. ಕಾಕಾ ಕೂರುವುದು ಸರಿಯಾಗಿ ಅದರ ಕೆಳಗೆ. ಮಾಲೀಕ ಗಲ್ಲಾದಿಂದ ಬೆರಳೆತ್ತಿ ಬೋರ್ಡು ತೋರಿಸಿದರೆ, "ನಾ ಪಾರ್ಟಿ ಮಾತಾಡ್ಲತಿಲ್ಲಪ್ಪ, ಫೀಲ್ಡಿಂಗ್ ಮಾತಾಡ್ಲತೀನಿ" ಎಂದು ಉತ್ತರ. ಫೀಲ್ಡಿಂಗಿನ ಮೇಲೆ ನಿಷೇಧವಿಲ್ಲವಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಈ ಭಾಗದ ಮಕ್ಕಳಿಗೂ ಗೊತ್ತು. ಅಂಥ ದೊಡ್ಡ ಕೆಲಸದ ಪಕ್ಕದಲ್ಲಿ ಹೋಟೆಲಿನ ಹರಟೆ ತಂದಿಡಬಾರದು, ನಿಜ. ಆದರೆ ಕಾಕಾ ಉಪಾಯ ಕಲಿತದ್ದು ಅಲ್ಲಿಂದಲೇ ಇರಬೇಕು ಎಂದು ನನ್ನ ಗುಮಾನಿ. ಹೊರಗಿನ ಬೋರ್ಡು ಕ್ರಿಕೆಟ್, ಒಳಗಿನ ಪಾಠ ಬೇರೆ.

ಕಾಕಾ ಯಾರ ಕಾಕಾ ಎಂದು ಕೇಳಬೇಡಿ. ಹೆಸರು ಹೇಳಿಯೂ ಉಪಯೋಗವಿಲ್ಲ. ಬೀದರಿನಲ್ಲಿ ತಪ್ಪಿಸಿಕೊಂಡರೆ ಭಾಲ್ಕಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಸಿಗುತ್ತಾರೆ, ಅಲ್ಲೂ ತಪ್ಪಿದರೆ ಔರಾದ್ ಬಸ್‌ಸ್ಟ್ಯಾಂಡಿನಲ್ಲಿ ಗ್ಯಾರಂಟಿ. ಅಂಗಿಯ ಬಣ್ಣ ಬೇರೆ, ಪಾರ್ಟಿ ಬೇರೆ, ಜೇಬಿನಲ್ಲಿ ಎಂಟು ಮಡಿಕೆ ಮಾಡಿದ ಪೇಪರು ಮಾತ್ರ ಒಂದೇ. ಅದರಲ್ಲಿ ಮೇಲೆ ಕಾಣುವುದು ಕ್ರೀಡಾಪುಟ. ಅದೂ ಬೋರ್ಡೇ.

ಬೀದರ್ ಕಾಕಾನ ಎದುರಾಳಿ ವೆಲ್ಡಿಂಗ್ ಅಂಗಡಿಯ ಭಾಯಿ. ಇಬ್ಬರ ಜಗಳದ ಬೇರು ಐಪಿಎಲ್‌ನಲ್ಲಿದೆ ಎಂದು ನೋಡಿದವರು ತಿಳಿಯುತ್ತಾರೆ. ಬೇರು ಇರುವುದು ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ. ಹಳೇ ಬೀದರ್ ಜಿಲ್ಲೆಯನ್ನು 1956ರ ನವೆಂಬರ್ 1ಕ್ಕೆ ಮೂರು ಪಾಲು ಮಾಡಿದರು: ಉದಗೀರ, ನಿಲಂಗಾ, ಅಹಮದ್‌ಪುರ ಮುಂಬಯಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರದ ಕಡೆಗೆ, ಉಳಿದ ನಾವು ಮೈಸೂರಿಗೆ. 2008ರಲ್ಲಿ ಐಪಿಎಲ್ ಬಂದಾಗ ಅದೇ ಮೂರು ಪಾಲು ಮತ್ತೆ ಎದ್ದು ಕೂತಿತು: ಮುಂಬೈ ಇಂಡಿಯನ್ಸ್, ಹೈದರಾಬಾದಿನ ಟೀಮು, ಬೆಂಗಳೂರಿನ ಆರ್‌ಸಿಬಿ. ಹೈದರಾಬಾದ್ ಇಲ್ಲಿಂದ ನೂರೈವತ್ತು ಕಿಲೋಮೀಟರಿನೊಳಗೆ, ಬೆಂಗಳೂರು ಏಳುನೂರರ ಆಸುಪಾಸು. ಭಾಯಿಯ ಲೆಕ್ಕ ಸರಳ, ಹತ್ತಿರದ ಟೀಮೇ ನಮ್ಮ ಟೀಮು. ಕಾಕಾ ಮಾತ್ರ "ದೂರ ಇದ್ರೇನಾತು, ರಾಜಧಾನಿ ರಾಜಧಾನಿನೇ" ಎಂದು ಆರ್‌ಸಿಬಿ ಹಿಡಿದು ಕೂತವರು.

ಕಾಕಾನ ದುರದೃಷ್ಟ ನೋಡಿ. 2009ರ ಫೈನಲ್ಲಿನಲ್ಲಿ ಆರ್‌ಸಿಬಿಯನ್ನು ಸೋಲಿಸಿದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಕುಂಬ್ಳೆ ನಾಲ್ಕು ವಿಕೆಟ್ ಕಿತ್ತರೂ ಆರು ರನ್ನಿನಿಂದ ಸೋಲು. 2016ರಲ್ಲಿ ಬೆಂಗಳೂರಿನ ನೆಲದಲ್ಲೇ, ಒಂದೂ ವಿಕೆಟ್ ಬೀಳದೆ 114 ಆಗಿದ್ದಾಗಿನಿಂದ ಜಾರಿ, ಎಂಟು ರನ್ನಿನಿಂದ ಮತ್ತೆ ಸೋಲು. ಈ ಸಲ ಹೈದರಾಬಾದಿನ ಸನ್‌ರೈಸರ್ಸ್‌ಗೆ. ಭಾಯಿ ಎಂಟನ್ನು ಮರೆತಿದ್ದಾನೆ, ಆರನ್ನು ಬಿಟ್ಟಿಲ್ಲ. ಕಾಕಾ ಯಾವ ವಿಷಯ ಎತ್ತಿದರೂ, ತೊಗರಿ ರೇಟು ಇರಲಿ, ಕಾರಂಜಾ ನೀರು ಇರಲಿ, ಕೊನೆಗೆ ಭಾಯಿ ಕೈಯೊರೆಸಿಕೊಂಡು, "ಛೇ ರನ್, ಕಾಕಾ. ಖಾಲಿ ಛೇ ರನ್" ಅನ್ನುತ್ತಾನೆ. ಕಾಕಾ ಆಗ ನಿಜಾಮರ ಮೇಲೆ ನಡೆದ 1948ರ ಪೊಲೀಸ್ ಕಾರ್ಯಾಚರಣೆಗೆ ಹೋಗುತ್ತಾರೆ. ಅಲ್ಲಿ ಗೆದ್ದವರು ಯಾರು ಎಂಬುದರ ಬಗ್ಗೆ ಅವರಿಗೆ ಅನುಮಾನವಿಲ್ಲ.

"ನಿಮ್ಮ ಟೀಮಿನಾಗ ಕನ್ನಡ ಬರೋರು ಎಷ್ಟ್ ಮಂದಿ ಇದ್ದಾರ, ಕಾಕಾ?"

"ನಿಮ್ಮ ವಾರ್ನರ್ ಯಾನ್ ಚೌಬಾರಾದಾಗ ಹುಟ್ಟ್ಯಾನೇನು?"

"ನಮ್ಮ ಸಿರಾಜ್‌ಗ ಏಳು ವರ್ಷ ಇಟ್ಕೊಂಡ್ರಿ, ಕಪ್ ಬಂತಾ?"

"ದುಡ್ಲಾಕ ಬಂದಿದ್ದ, ದುಡ್ದ, ಹೋದ. ನಮ್ಮ ಮಂದಿ ನಿಮ್ಮ ಹೈದರಾಬಾದಿಗಿ ಹೋಗಲ್ಲೇನು?"

ಹೀಗೆ ವಲಸೆ ಕಾರ್ಮಿಕರ ಸಮಸ್ಯೆ ಶುರು. ಇಬ್ಬರೂ ಎಂದೂ ಕೈ ಮಿಲಾಯಿಸಿಲ್ಲ. ಚಹಾದ ಬಿಲ್ಲು ಕೊಡುವಾಗ ಮಾತ್ರ ಒಬ್ಬರ ಕೈ ಒಬ್ಬರು ಹಿಡಿದು ಜಗ್ಗಾಡುತ್ತಾರೆ.

ಭಾಲ್ಕಿಯ ಕಾಕಾ ಸ್ವಲ್ಪ ಗಂಭೀರ. ರೈಲಿನ ಊರಿನವರಾದ್ದರಿಂದ ಗಡಿಬಿಡಿ ಇಲ್ಲ, ಗಾಡಿ ಬರುವತನಕ ಮಾತು ಎಳೆಯಬಲ್ಲರು. ಕಬ್ಬಿನ ಬಿಲ್ಲು ಬರುವುದು ತಡವಾದ ವರ್ಷ ಟೆಸ್ಟ್ ಮ್ಯಾಚು ಎಂದರೆ ಅವರಿಗೆ ಮೈ ಉರಿಯುತ್ತದೆ, "ಐದು ದಿನಕ್ಕೂ ರಿಸಲ್ಟ್ ಇಲ್ಲ ಅಂದ್ರ ಅದು ಆಟ ಅಲ್ಲ, ಫ್ಯಾಕ್ಟರಿ" ಅನ್ನುತ್ತಾರೆ. ಕಾಂಗ್ರೆಸ್ಸಿನಿಂದಲೂ ಖಂಡ್ರೆ, ಬಿಜೆಪಿಯಿಂದಲೂ ಖಂಡ್ರೆ ನಿಂತ ಚುನಾವಣೆ ಕಂಡ ಊರಿದು. ಅಲ್ಲಿ ಟಾಸ್ ಯಾರು ಗೆದ್ದರೆಂದು ಕಾಕಾನನ್ನು ಕೇಳಿ ನೋಡಿ, ನಕ್ಕು ಸುಮ್ಮನಾಗುತ್ತಾರೆ.

ಔರಾದಿನ ಕಾಕಾನ ಮಾತಿನಲ್ಲಿ ಅರ್ಧ ಮರಾಠಿ. ಬೀಗರು ಉದಗೀರದಲ್ಲಿ, ಸಂತೆ ದೇಗಲೂರಿನಲ್ಲಿ, ಓಟು ಮಾತ್ರ ಔರಾದಿನಲ್ಲಿ. ಎಲ್ಲಾ ಕಾಲಕ್ಕೂ ಸಚಿನ್ ಭಕ್ತರು, ಮುಂಬೈ ಗೆದ್ದರೆ "ಆಪ್ಲಾ ಟೀಮ್" ಎಂದು ಪೇಢಾ ಹಂಚುವವರು. ಗಡಿ ಗಲಾಟೆಯಾಗಿ ಬಸ್ಸು ನಿಂತ ದಿನ ಮಾತ್ರ ಅವರೇ ಆರ್‌ಸಿಬಿ. ರೈಲು ಇನ್ನೂ ಕಾಣದ ಊರಿನವರಾದ್ದರಿಂದ ಅವರ ವಾದಕ್ಕೆ ಬೇರೆಯೇ ಮೊನಚು. ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಲೆಕ್ಕ ಹೇಳಿದರು: "ಐಪಿಎಲ್ ಶುರು ಆಗಿದ್ದು 2008. ನಮ್ಮ ಪ್ರಭು ಚವ್ಹಾಣ್ ಇಲ್ಲಿ ಮೊದಲ ಸಲ ಗೆದ್ದದ್ದೂ 2008. ಅಲ್ಲಿ ಭಾಲ್ಕಿದಾಗ ಈಶ್ವರ ಖಂಡ್ರೆ ಗೆದ್ದದ್ದೂ 2008. ಇಬ್ಬರದೂ ನಾಲ್ಕಕ್ಕ ನಾಲ್ಕು. ಕೊಹ್ಲಿ ಎಷ್ಟು ಗೆದ್ದಾನ ಹೇಳ್ರಿ?" ಇದು 2025ರ ಬೇಸಿಗೆಗಿಂತ ಮುಂಚಿನ ಮಾತು. ನನ್ನ ಹತ್ತಿರ ಉತ್ತರವಿರಲಿಲ್ಲ.

ಈ ಜನರನ್ನು ದೂರಿ ಏನು ಮಾಡುವುದು? ನಮ್ಮಲ್ಲಿ ಟೆನಿಸ್‌ಬಾಲ್ ಟೂರ್ನಮೆಂಟಿನ ಬ್ಯಾನರು ನೋಡಿದ್ದೀರಾ? ಮೇಲೆ ನಾಲ್ಕು ದೊಡ್ಡ ತಲೆ, ಎಡಬಲಕ್ಕೆ ಹತ್ತು ಮಧ್ಯಮ ತಲೆ, ಕೆಳಗೆ ಶುಭಕೋರುವವರ ಇಪ್ಪತ್ತು ಸಣ್ಣ ತಲೆ. ಚೆಂಡು ಎಲ್ಲಿದೆ ಎಂದು ಹುಡುಕಿದರೆ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು. ಅಜರುದ್ದೀನ್ ಎಂಪಿ ಆದರು, ಸಿಧು ಆದರು, ಗಂಭೀರ್ ಆದರು, ಅತ್ತ ಇಮ್ರಾನ್ ಖಾನ್ ಪ್ರಧಾನಿಯೇ ಆದರು. ಪೆವಿಲಿಯನ್ನಿನಿಂದ ಪಾರ್ಲಿಮೆಂಟಿಗೆ ದಾರಿ ಇದ್ದ ಮೇಲೆ ಕಾಕಾ ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡಿದರೆ ತಪ್ಪೇನು? ಬೀದರಿನ ವಿಮಾನದ ಬಗ್ಗೆ ಅವರು ಹೇಳಿದ್ದಂತೂ ನನಗೆ ಪೂರ್ತಿ ಒಪ್ಪಿಗೆ. 2020ರಲ್ಲಿ ಬಂತು, ನಿಂತಿತು. 2022ರಲ್ಲಿ ಬಂತು, ಮತ್ತೆ ನಿಂತಿತು. 2025ರಲ್ಲಿ ಮತ್ತೆ ಹಾರಿತು. "ಇದು ಔಟ್ ಅಲ್ರಿ, ರಿಟೈರ್ಡ್ ಹರ್ಟ್."

ಇನ್ನು ಆ ರಾತ್ರಿ, 2025ರ ಜೂನ್ 3. ಅಹಮದಾಬಾದಿನಲ್ಲಿ ಆರ್‌ಸಿಬಿ–ಪಂಜಾಬ್ ಫೈನಲ್. ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಹೈದರಾಬಾದ್ ಇಲ್ಲದಿದ್ದರೂ ಭಾಯಿ ಬಂದಿದ್ದ, ಕಾಕಾ ಸೋಲುವುದನ್ನು ಕಣ್ಣಾರೆ ನೋಡಲು. ಕೊನೇ ಓವರಿಗೆ ಪಂಜಾಬಿಗೆ 29 ಬೇಕು, ಹೇಜಲ್‌ವುಡ್ ಕೈಯಲ್ಲಿ ಚೆಂಡು. ಆ ಹೊತ್ತಿಗೆ ಕಾಕಾ ಟಿವಿಗೆ ಬೆನ್ನು ಹಾಕಿ, ಕಾಲೇಜು ಹುಡುಗನೊಬ್ಬನ ಹೆಗಲ ಮೇಲೆ ಕೈಯಿಟ್ಟು, ಸಂವಿಧಾನದ 371(ಜೆ) ವಿಧಿ ವಿವರಿಸುತ್ತಿದ್ದರು. ಹುಡುಗ ಅವರ ತಲೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಚಾಚಿ ಟಿವಿ ಹುಡುಕುತ್ತಿದ್ದ. ಅವನು ತಲೆ ಅಲ್ಲಾಡಿಸಿದ್ದನ್ನು ಕಾಕಾ ಒಪ್ಪಿಗೆ ಎಂದು ತಿಳಿದರು.

"ಸೀಟು ಬಂದವು, ನೌಕರಿ ಬಂದವು, ಖರೆ. ಆದ್ರ ಕ್ರಿಕೆಟ್‌ನಾಗ? ಕೆಎಸ್‌ಸಿಎದವರು ನಮಗ ರಾಯಚೂರು ವಲಯಕ್ಕ ಜೋಡಿಸ್ಯಾರ. ಬೀದರಿಗಿ ಒಂದು ವಲಯ ಯಾಕ್ ಬ್ಯಾಡ? ನಾ ಕೇಳ್ಲತೀನಿ, ಯಾಕ್ ಬ್ಯಾಡ?"

ಆಗ ಎಲ್ಲರೂ ಒಟ್ಟಿಗೆ ಕೂಗಿದರು. ಬೆಂಚು ಉರುಳಿತು, ಎರಡು ಬಸಿ ಒಡೆದವು, ಬೀದಿಯಲ್ಲಿ ಪಟಾಕಿ ಸರ ಹತ್ತಿತು. ತಮ್ಮ ಪ್ರಶ್ನೆಗೆ ಇಷ್ಟು ಬೆಂಬಲ ಸಿಕ್ಕಿದ್ದಕ್ಕೆ ಕಾಕಾ ಒಂದು ಗಳಿಗೆ ಬೆರಗಾದರು. ಆಮೇಲೆ ಬಾಗಿಲ ಕಡೆ ನೋಡಿ ಕೇಳಿದರು: "ಪಟಾಕಿ ಯಾಕ್ ಹೊಡೀಲತಾರ? ಯಾವ ಎಲೆಕ್ಷನ್ ರಿಸಲ್ಟ್ ಬಂತು?"

ತಿರುಗಿ ನೋಡುವಷ್ಟರಲ್ಲಿ ಕೊಹ್ಲಿ ಮೈದಾನದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಹದಿನೆಂಟು ಸೀಜನ್ನು ಕಾಯ್ದ ಕಾಕಾಗೆ ಗೆದ್ದ ಓವರು ಸಿಗಲಿಲ್ಲ. ರಿಪ್ಲೇ ಬರುವ ಮುಂಚೆ ಹುಡುಗರು ಅವರನ್ನು ಎತ್ತಿಕೊಂಡು ಬೀದಿಗೆ ಹೋದರು.

ಮರುದಿನ ಸಂಜೆ ಬೆಂಗಳೂರಿನಲ್ಲಿ ಏನಾಯಿತೆಂದು ಹೇಳಬೇಕಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ, ಕಾಲ್ತುಳಿತಕ್ಕೆ, ಹನ್ನೊಂದು ಜನ. ಅದರ ಮರು ಬೆಳಿಗ್ಗೆ ಹೋಟೆಲು ಗಿಜಿಗುಡುತ್ತಿತ್ತು: ಸರ್ಕಾರದ ತಪ್ಪು, ಪೊಲೀಸರ ತಪ್ಪು, ಟೀಮಿನವರ ತಪ್ಪು. ಎಂದೂ ಬಾಯಿ ಬಿಡದ ಗಿರಾಕಿಗಳೂ ಬೋರ್ಡಿನ ಕೆಳಗೆ ನಿಂತು ಭಾಷಣ ಮಾಡುತ್ತಿದ್ದರು. ಮಾಲೀಕ ಬೆರಳೆತ್ತಲಿಲ್ಲ.

ಕಾಕಾ ಬಂದರು. ಚಪ್ಪಲಿ ಸಪ್ಪಳ, ಕೆಮ್ಮು. ಪ್ರಶ್ನೆ ಬರಲಿಲ್ಲ. ಎಲ್ಲರೂ ಅವರ ಮುಖ ನೋಡಿದರು, ಇವತ್ತು ಕಾಕಾ ಬಿಡುವುದಿಲ್ಲ ಎಂದು. ಅವರು ಗ್ಲಾಸು ತೊಳೆಯುವ ಹುಡುಗನನ್ನು ಹತ್ತಿರ ಕರೆದು, ಮೆಲ್ಲಗೆ, "ಆ ಕೊನೇ ಓವರ್ ಹೇಳಲ್ಲಾ" ಅಂದರು.

ಹುಡುಗ ಒದ್ದೆ ಕೈಯಲ್ಲೇ ಬೌಲಿಂಗ್ ಮಾಡಿ ತೋರಿಸಿದ. ಮೊದಲನೇದು ಖಾಲಿ. ಎರಡನೇದು ಖಾಲಿ. ಆಮೇಲೆ ಶಶಾಂಕ್ ಸಿಂಗ್ ಸಿಕ್ಸ್, ಫೋರ್, ಸಿಕ್ಸ್, ಕೊನೇದೂ ಸಿಕ್ಸ್.

"ಮತ್ತ ಎಷ್ಟ್ರಾಗ ಗೆದ್ದೇವು?"

ಹುಡುಗ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಭಾಯಿ ಹೇಳಿದ: "ಛೇ ರನ್, ಕಾಕಾ."

ಕಾಕಾನ ತುಟಿಯ ಮೇಲೆ 1948 ಬಂದು ನಿಂತದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಟಿವಿಯಲ್ಲಿ ಗೇಟಿನ ಮುಂದೆ ಬಿದ್ದಿದ್ದ ಚಪ್ಪಲಿಗಳನ್ನು ತೋರಿಸುತ್ತಿದ್ದರು. ಕಾಕಾ ಬಸಿಯಲ್ಲಿದ್ದ ಚಹಾವನ್ನು ತಿರುಗಿ ಕಪ್ಪಿಗೆ ಸುರುವಿದರು.